ಬಾಣಂತಿ ಸನ್ನಿ: ಒಂದು ಹೆಸರು, ಹಲವು ಕಾಯಿಲೆ

ಮಸ್ಕಿ ಸೀಮೆಯ ಹಳ್ಳಿಗಳಲ್ಲಿ ಬಾಣಂತಿ ಇರುವ ಮನೆಯನ್ನು ಪತ್ತೆ ಮಾಡಲು ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲಿಗೆ ಸಿಕ್ಕಿಸಿದ ಬೇವಿನ ಸೊಪ್ಪು, ಸಂಜೆ ಹೊತ್ತಿಗೆ ತೇಲಿ ಬರುವ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ತಾವೇ ದಾರಿ ತೋರಿಸುತ್ತವೆ. ಒಳಗೆ ಕಿಟಕಿ ಮುಚ್ಚಿದ ಕೋಣೆ, ಹೊರಸು, ಅದರ ಕೆಳಗೆ ಕುಳ್ಳಿನ ಕೆಂಡ. ಹೊರಸಿನ ಮೇಲೆ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದುಕೊಂಡ ತಾಯಿ, ಮಗ್ಗುಲಲ್ಲಿ ಕೂಸು. ಗಾಳಿ ಸೋಕಬಾರದು, ತಣ್ಣೀರು ಮುಟ್ಟಬಾರದು, ನೀರು ಕುಡಿಯುವುದೂ ಲೆಕ್ಕದಲ್ಲಿರಬೇಕು. ಮೈ ಇನ್ನೂ ಹಸಿಯಾಗಿದೆ ಎಂಬುದು ಹಿರಿಯರ ಮಾತು.

ಇಷ್ಟೆಲ್ಲ ಕಟ್ಟುಪಾಡಿನ ಹಿಂದೆ ಇರುವುದು ಒಂದೇ ಭಯ. ಅದರ ಹೆಸರು ಸನ್ನಿ. ಬಾಣಂತಿ ಜ್ವರದಲ್ಲಿ ಬಡಬಡಿಸಿದರೆ ‘ಸನ್ನಿ ಆಗ್ಯಾದ’ ಎನ್ನುತ್ತಾರೆ. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂದರೂ ಅದೇ ಮಾತು. ಕೂಸನ್ನು ದೂರ ತಳ್ಳಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡಿಕೊಂಡು ಕುಳಿತರೂ ಅದೇ ಮಾತು. ಹಿರಿಯರ ಭಯ ಸುಳ್ಳಲ್ಲ. ಹೆರಿಗೆಯ ನಂತರದ ದಿನಗಳಲ್ಲಿ ತಾಯಿಯ ಜೀವಕ್ಕೆ ಅಪಾಯವಿದೆ ಎಂಬುದನ್ನು ಅವರು ಕಣ್ಣಾರೆ ಕಂಡು ಅರಿತವರು. ತೊಡಕಿರುವುದು ಹೆಸರಿನಲ್ಲಿ. ಒಂದೇ ಹೆಸರಿನ ಕೆಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳು ಸೇರಿಕೊಂಡಿವೆ. ಒಂದೊಂದಕ್ಕೂ ಬೇರೆ ಚಿಕಿತ್ಸೆ ಇದೆ, ಒಂದೊಂದಕ್ಕೂ ಬೇರೆ ಗಡುವು ಇದೆ.

ಈ ವಿಷಯ ಈಚೆಗೆ ಮತ್ತೆ ಚರ್ಚೆಗೆ ಬಂದದ್ದು ದುಃಖದ ಸಂದರ್ಭದಲ್ಲಿ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಕೊಟ್ಟಿದ್ದ ಗ್ಲೂಕೋಸ್ ಮಾದರಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ರಾಜ್ಯ ಸರ್ಕಾರ ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ಅದರ ಬೆನ್ನಲ್ಲೇ, ಅಕ್ಟೋಬರ್ ತಿಂಗಳಲ್ಲಿ ಸಿಂಧನೂರು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದ ನಾಲ್ವರು ಬಾಣಂತಿಯರು ಮೃತಪಟ್ಟಿದ್ದ ವಿಷಯವೂ ಹೊರಬಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗದ ಮನೆಗಳಲ್ಲಿ ಹೆರಿಗೆಯ ಮಾತು ಬಂದರೆ ಇಂದಿಗೂ ಆ ಸುದ್ದಿಯ ನೆನಪಾಗುತ್ತದೆ. ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ನಡೆದ 460ಕ್ಕೂ ಹೆಚ್ಚು ತಾಯಂದಿರ ಸಾವುಗಳನ್ನು ಸರ್ಕಾರ ಪರಿಶೀಲನೆಗೆ ಒಳಪಡಿಸಿತು. ಅವುಗಳಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಾಗಿತ್ತು ಎಂಬ ತೀರ್ಮಾನ ಬಂತು.

ಔಷಧಿಯ ಗುಣಮಟ್ಟ ಕಾಯುವುದು ಸರ್ಕಾರದ ಹೊಣೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಆರು ವಾರ ಬಾಣಂತಿಯನ್ನು ನೋಡುವ ಕಣ್ಣು ಮನೆಯವರದು. ಆ ಕಣ್ಣಿಗೆ ಏನು ಕಾಣಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ನಲವತ್ತು ದಿನದ ಲೆಕ್ಕ

ಸನ್ನಿ ಎಂಬುದು ಸಂಸ್ಕೃತದ ‘ಸನ್ನಿಪಾತ’ದಿಂದ ಬಂದ ಮಾತು. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆಡುವುದೇ ಸನ್ನಿಪಾತ. ಆಯುರ್ವೇದದಲ್ಲಿ ಅದು ಒಂದು ರೋಗದ ಹೆಸರಲ್ಲ, ಒಂದು ಸ್ಥಿತಿಯ ಹೆಸರು. ಊರ ಮಾತಿಗೆ ಇಳಿಯುವಾಗ ಅದು ಪ್ರಜ್ಞೆ ತಪ್ಪಿಸುವ, ಬುದ್ಧಿ ಕೆಡಿಸುವ ಎಲ್ಲ ಕಾಯಿಲೆಗಳಿಗೂ ಅಂಟಿಕೊಂಡಿತು.

ಹೆರಿಗೆಯ ನಂತರದ ಕಾಲವನ್ನು ಬೇರೆಯಾಗಿಯೇ ನೋಡಬೇಕು ಎಂಬ ಅರಿವು ಮಾತ್ರ ಬಹಳ ಹಳೆಯದು. ಸುಶ್ರುತ ಸಂಹಿತೆ ಹೆತ್ತವಳನ್ನು ಒಂದೂವರೆ ತಿಂಗಳು ‘ಸೂತಿಕಾ’ ಎಂದು ಕರೆಯುತ್ತದೆ. ಇಂದಿನ ವೈದ್ಯಶಾಸ್ತ್ರ ಇದೇ ಅವಧಿಯನ್ನು ಆರು ವಾರ, ಅಂದರೆ 42 ದಿನ ಎಂದು ಎಣಿಸುತ್ತದೆ. ಈ 42 ದಿನದೊಳಗೆ ಹೆರಿಗೆಗೆ ಸಂಬಂಧಿಸಿದ ಕಾರಣದಿಂದ ತಾಯಿ ತೀರಿಕೊಂಡರೆ ಅದನ್ನು ತಾಯಿಮರಣದ ಲೆಕ್ಕಕ್ಕೆ ಸೇರಿಸಲಾಗುತ್ತದೆ. ನಮ್ಮ ಬಾಣಂತನದ ನಲವತ್ತು ದಿನವೂ ಅಷ್ಟೇ. ಶಾಸ್ತ್ರ, ಸಂಪ್ರದಾಯ, ವಿಜ್ಞಾನ ಮೂರೂ ಅವಧಿಯ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ.

ಬದಲಾದದ್ದು ಹೆರಿಗೆಯ ಜಾಗ. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಗಳು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚಿದ್ದವು. 2019–21ರ ಸಮೀಕ್ಷೆಯಲ್ಲಿ ಅದು ಶೇ 97ಕ್ಕೆ ಏರಿತು. ಸಿಸೇರಿಯನ್ ಪ್ರಮಾಣ ಶೇ 31 ದಾಟಿತು. ಇದರ ಫಲ ಕಣ್ಣಿಗೆ ಕಾಣುವಂತಿದೆ: ಲಕ್ಷ ಹೆರಿಗೆಗೆ 2001–03ರಲ್ಲಿ 228 ಇದ್ದ ರಾಜ್ಯದ ತಾಯಿಮರಣ ಪ್ರಮಾಣ 2018–20ರಲ್ಲಿ 69ಕ್ಕೆ ಇಳಿಯಿತು. ಆದರೆ ಆಸ್ಪತ್ರೆಗೆ ಹೋದದ್ದು ಹೆರಿಗೆ ಮಾತ್ರ. ಬಾಣಂತನ ಮನೆಯಲ್ಲೇ ಉಳಿಯಿತು. ಎರಡು ಮೂರು ದಿನಕ್ಕೆ ತಾಯಿ ಮನೆ ಸೇರುತ್ತಾಳೆ. ಅಲ್ಲಿಂದ ಮುಂದಿನದೆಲ್ಲ ಹಳೆಯ ಕೋಣೆ, ಹಳೆಯ ಹೊರಸು, ಹಳೆಯ ಹೆಸರುಗಳು.

ಮೊದಲ ಗಂಟೆಗಳ ಶತ್ರು

ಸನ್ನಿಗಿಂತ ಮೊದಲು ಬರುವ, ಸನ್ನಿ ಎಂದು ಯಾರೂ ಕರೆಯದ ಅಪಾಯ ರಕ್ತಸ್ರಾವ. ಕೂಸು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಹಾಗೆ ಮುದುಡಿದಾಗಲೇ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಅದು ಸಡಿಲವಾಗಿ ಉಳಿದರೆ, ಮಾಸಿನ ತುಣುಕು ಒಳಗೇ ನಿಂತರೆ, ಹೆರಿಗೆಯಲ್ಲಿ ಎಲ್ಲಾದರೂ ಹರಿದಿದ್ದರೆ ಅಥವಾ ರಕ್ತ ಹೆಪ್ಪುಗಟ್ಟುವ ಗುಣ ಕೆಟ್ಟಿದ್ದರೆ ರಕ್ತ ನಿಲ್ಲದು. ಅರ್ಧ ಲೀಟರ್ ದಾಟಿದರೆ ಅದು ಅಪಾಯದ ಗೆರೆ.

ರಕ್ತಹೀನತೆ ಇರುವ ತಾಯಿಗೆ ಆ ಗೆರೆ ಇನ್ನೂ ಹತ್ತಿರ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಡು ಬಗ್ಗಿಸಿ ನಾಟಿ ಮಾಡುವ ಕೂಲಿ ಹೆಣ್ಣುಮಗಳು ಏಳನೇ ತಿಂಗಳಲ್ಲೂ ಕೆಲಸ ಬಿಡುವ ಸ್ಥಿತಿಯಲ್ಲಿರುವುದಿಲ್ಲ. ಬೇರೆಯವಳು ತಡೆದುಕೊಳ್ಳುವಷ್ಟು ರಕ್ತನಷ್ಟವನ್ನು ಆಕೆಯ ಮೈ ತಡೆದುಕೊಳ್ಳದು.

ರಕ್ತ ಎಷ್ಟು ಹೋಯಿತು ಎಂಬ ಕಣ್ಣಂದಾಜು ಬಹುಪಾಲು ತಪ್ಪುತ್ತದೆ. ಬಟ್ಟೆ, ಚಾಪೆ, ನೆಲ ಕುಡಿದ ರಕ್ತ ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ಸರಿಯಾಗಿ ಅಳೆದು ತೋರಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಕರ್ನಾಟಕದಲ್ಲೇ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ವಿದೇಶಿ ಸಹೋದ್ಯೋಗಿಗಳೊಂದಿಗೆ ಆ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಹೆರಿಗೆ ಮಾಡಿಸಿದವರು ಸಹಾಯಕ ದಾದಿಯರು. ರಕ್ತ ಅಳೆಯಲು ಗುರುತು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಬಳಸಲಾಯಿತು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಮಾತ್ರೆ ನುಂಗಿದವರಲ್ಲಿ ಅದು ಸುಮಾರು 6ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ, ಫ್ರಿಜ್ ಇಲ್ಲದ ಹಳ್ಳಿಯಲ್ಲೂ ಜೀವ ಉಳಿಸಬಹುದು ಎಂದು ಜಗತ್ತಿಗೆ ತೋರಿಸಿತು.

ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ವಾಡಿಕೆ. ಆಮೇಲೂ ರಕ್ತ ನಿಲ್ಲದಿದ್ದರೆ ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ತಿಕ್ಕುವುದು, ಮತ್ತಷ್ಟು ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಗರ್ಭಕೋಶದೊಳಗೆ ಬಲೂನು ಇಟ್ಟು ಒತ್ತುವುದು, ಕೊನೆಗೆ ಶಸ್ತ್ರಚಿಕಿತ್ಸೆ – ಹೀಗೆ ಮೆಟ್ಟಿಲುಗಳಿವೆ. ಟ್ರಾನೆಕ್ಸಾಮಿಕ್ ಆಮ್ಲ ಕೆಲಸ ಮಾಡಬೇಕಾದರೆ ಮೂರು ಗಂಟೆಯೊಳಗೆ ಕೊಡಬೇಕು ಎಂಬುದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಖಚಿತವಾಗಿದೆ.

ಮನೆಗೆ ಬಂದ ಮೇಲೂ ಈ ಅಪಾಯ ಮುಗಿಯುವುದಿಲ್ಲ. ಒಳಗೆ ಉಳಿದ ಮಾಸಿನ ತುಣುಕು ಅಥವಾ ನಂಜಿನಿಂದ ಎರಡನೇ ವಾರದಲ್ಲೂ ರಕ್ತ ಹೋಗಬಹುದು. ಒಂದು ಪ್ಯಾಡ್ ಅಥವಾ ದಪ್ಪನೆಯ ಬಟ್ಟೆ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ನಿಂಬೆ ಗಾತ್ರದ ರಕ್ತದ ಗಡ್ಡೆಗಳು ಬಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದರೆ ಅದು ‘ಕೆಟ್ಟ ರಕ್ತ ಹೋಗುವುದು’ ಅಲ್ಲ. ಅದು ಜೀವ ಹೋಗುವ ದಾರಿ.

ನಂಜಿನ ಸನ್ನಿ

ಸನ್ನಿ ಎಂಬ ಹೆಸರಿನ ಕೆಳಗೆ ಮೊದಲು ಬರುವುದು ನಂಜು. ಹೆತ್ತ ಗರ್ಭಕೋಶದ ಒಳಗೋಡೆ ಒಂದು ಹಸಿ ಗಾಯ. ಕೈಯಿಂದ, ಬಟ್ಟೆಯಿಂದ, ಉಪಕರಣದಿಂದ ಅಥವಾ ಸಿಸೇರಿಯನ್ ಹೊಲಿಗೆಯಿಂದ ರೋಗಾಣು ಒಳಹೊಕ್ಕರೆ ಸಾಮಾನ್ಯವಾಗಿ ಮೊದಲ ಹತ್ತು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ನಂಜು ರಕ್ತಕ್ಕೆ ಸೇರಿದಾಗ ಬಡಬಡಿಕೆ ಶುರುವಾಗುತ್ತದೆ.

ಇದು ಬಡ ಹಳ್ಳಿಗಳ ಕಾಯಿಲೆ ಮಾತ್ರ ಆಗಿರಲಿಲ್ಲ. ಯುರೋಪಿನ ಹೆಸರಾಂತ ವಿಯೆನ್ನಾ ಆಸ್ಪತ್ರೆಯ ಒಂದು ವಾರ್ಡಿನಲ್ಲಿ 1847ರ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18 ಮಂದಿ ಬಾಣಂತಿಯರು ಸತ್ತರು. ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದುದನ್ನು ಗಮನಿಸಿದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದ. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಆತನ ಮಾತನ್ನು ಅಂದಿನ ದೊಡ್ಡ ವೈದ್ಯರು ಒಪ್ಪಲಿಲ್ಲ. 1865ರಲ್ಲಿ ಆತ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಸೂಲಗಿತ್ತಿಯ ಕೈಗಾಗಲಿ, ಸರ್ಜನ್ ಕೈಗಾಗಲಿ ನಿಯಮ ಒಂದೇ ಎಂಬುದು ಈ ಕಥೆಯ ಪಾಠ.

ನಂಜಿನ ಲಕ್ಷಣಗಳು ಗೂಢವಾಗಿಲ್ಲ. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವ ಜ್ವರ, ಚಳಿ, ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ, ಹೊಲಿಗೆಯ ಜಾಗ ಕೆಂಪಾಗಿ ಕೀವು ಜಿನುಗುವುದು, ಎದೆಬಡಿತ ಮತ್ತು ಉಸಿರು ಜೋರಾಗುವುದು. ಮೂತ್ರ ಕಡಿಮೆಯಾದರೆ, ಮಾತು ತೊದಲಿದರೆ ಗಂಟೆಗಳ ಲೆಕ್ಕ ಶುರುವಾಯಿತೆಂದೇ ತಿಳಿಯಬೇಕು. ಆಸ್ಪತ್ರೆಯಲ್ಲಿ ನರದ ಮೂಲಕ ಆಂಟಿಬಯೋಟಿಕ್, ದ್ರವ, ಆಮ್ಲಜನಕ ಕೊಟ್ಟು, ಒಳಗೆ ಮಾಸು ಉಳಿದಿದ್ದರೆ ತೆಗೆಯುತ್ತಾರೆ. ಇಲ್ಲಿ ಹಳೆಯ ಕೋಣೆ ಒಂದು ತೊಂದರೆ ಮಾಡುತ್ತದೆ. ಕೆಂಡದ ಶಾಖದಲ್ಲಿ ಬೆವತ ಮೈಗೆ ಜ್ವರ ಬಂದದ್ದು ಕೈಗೆ ತಿಳಿಯುವುದಿಲ್ಲ. ಹೊಗೆಯ ನಡುವೆ ಕೆಟ್ಟ ವಾಸನೆ ಮೂಗಿಗೆ ಬಡಿಯುವುದಿಲ್ಲ. ಥರ್ಮಾಮೀಟರ್ ಮಾತ್ರ ಮೋಸ ಹೋಗದು.

ಸೆಟೆಯುವ ಸನ್ನಿ

ಎರಡನೆಯದು ಫಿಟ್ಸ್. ಗರ್ಭಿಣಿಯ ರಕ್ತದೊತ್ತಡ ಏರಿ ಬರುವ ಈ ಕಾಯಿಲೆ ಹೆರಿಗೆಯೊಂದಿಗೆ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಲ್ಲ. ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ಒತ್ತಡ ಮತ್ತೆ ಏರುವುದುಂಟು. ಗರ್ಭಿಣಿಯಾಗಿದ್ದಾಗ ಬಿ.ಪಿ. ಸರಿಯಿದ್ದವರಿಗೂ ಇದು ಬರಬಹುದು. ತಾಯಿ ಮನೆ ಸೇರುವುದೂ ಅದೇ ದಿನಗಳಲ್ಲಿ. ಫಿಟ್ಸ್‌ಗೆ ಮುನ್ನ ಮೈ ಸೂಚನೆ ಕೊಡುತ್ತದೆ: ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಿಡಿ ಕಾಣುವುದು, ಎದೆಗೂಡಿನ ಕೆಳಗೆ ಹೊಟ್ಟೆನೋವು, ಮುಖ ಊದುವುದು. ಬಿ.ಪಿ. 140/90 ದಾಟಿದರೆ ವೈದ್ಯರಿಗೆ ತೋರಿಸಬೇಕು. 160/110 ಮುಟ್ಟಿದರೆ ತಡಮಾಡುವಂತಿಲ್ಲ.

ಇದಕ್ಕೆ ಮದ್ದು ಮೆಗ್ನೀಷಿಯಂ ಸಲ್ಫೇಟ್ ಎಂಬ ಅಗ್ಗದ ಚುಚ್ಚುಮದ್ದು. ಫಿಟ್ಸ್ ಮರುಕಳಿಸುವುದನ್ನು ತಡೆಯುವಲ್ಲಿ ಇದು ಅಂದು ಬಳಕೆಯಲ್ಲಿದ್ದ ಡಯಾಜೆಪಾಂ, ಫಿನಿಟಾಯಿನ್‌ಗಳಿಗಿಂತ ಬಹುಪಾಲು ಮೇಲೆಂದು 1995ರಲ್ಲಿ ಹಲವು ದೇಶಗಳ ಜಂಟಿ ಅಧ್ಯಯನ ಸಾಬೀತು ಮಾಡಿತು. ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನವೇ ಮೊದಲ ಡೋಸ್ ಕೊಡಬಹುದು. ಸೆಟೆದ ಬಾಣಂತಿಯನ್ನು ಎಡಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಹೋದ ಹೊತ್ತು ಮೆದುಳಿಗೆ ಬಿದ್ದ ಪೆಟ್ಟು.

ಮೂರನೆಯದೂ ಸೆಟೆಯುವ ಸನ್ನಿಯೇ, ಆದರೆ ಕಾರಣ ಬೇರೆ. ಹೆರಿಗೆಯ ಆಸುಪಾಸಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚುತ್ತದೆ. ಅತಿ ರಕ್ತಸ್ರಾವ ತಡೆಯಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಆದರೆ ಅದೇ ಹೆಪ್ಪು ಮೆದುಳಿನ ಅಭಿಧಮನಿಯಲ್ಲಿ ಕಟ್ಟಿದರೆ ತಲೆನೋವು, ವಾಂತಿ, ಫಿಟ್ಸ್, ಒಂದು ಮಗ್ಗುಲಿನ ಬಲಹೀನತೆ ಕಾಣಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರಲ್ಲಿ ಬರುವ ಈ ಕಾಯಿಲೆಯನ್ನು ದಶಕಗಳಿಂದ ದಾಖಲಿಸುತ್ತ ಬಂದಿದ್ದಾರೆ. ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುವುದು ಇದಕ್ಕೆ ಒಂದು ಕುಮ್ಮಕ್ಕು. ಬಾಣಂತಿಗೆ ನೀರು ಕೊಡಬಾರದು ಎಂಬ ಕಟ್ಟಳೆ ಅಪಾಯಕಾರಿಯಾಗುವುದು ಇಲ್ಲಿ. ಹೆಪ್ಪು ಕಾಲಿನಲ್ಲಿ ಕಟ್ಟಿದರೆ ಒಂದೇ ಕಾಲು ಊದಿ ನೋಯುತ್ತದೆ. ಅದನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶ ಸೇರಬಹುದು. ದಿಢೀರ್ ಉಸಿರುಕಟ್ಟಿ, ಎದೆನೋವು ಬಂದರೆ ಅದರ ಅರ್ಥ ಹೆಚ್ಚಾಗಿ ಇದೇ.

ಮನಸ್ಸಿನ ಸನ್ನಿ

ನಾಲ್ಕನೆಯದು ಮನಸ್ಸಿಗೆ ಸಂಬಂಧಿಸಿದ್ದು. ಸಾವಿರ ಹೆರಿಗೆಗೆ ಒಬ್ಬಿಬ್ಬರಲ್ಲಿ, ಬಹುಮಟ್ಟಿಗೆ ಮೊದಲ ಎರಡು ವಾರದಲ್ಲಿ, ತೀವ್ರ ಮನೋರೋಗ ಕಾಣಿಸುತ್ತದೆ. ನಿದ್ದೆ ಪೂರ್ತಿ ಹಾರಿಹೋಗುತ್ತದೆ, ಇಲ್ಲದ ದನಿ ಕೇಳುತ್ತದೆ, ಕೂಸು ತನ್ನದಲ್ಲವೆಂಬ ಸಂಶಯ ಬರುತ್ತದೆ. ಇದು ದೆವ್ವವಲ್ಲ, ತಾಯ್ತನದ ಕೊರತೆಯೂ ಅಲ್ಲ. ಔಷಧಿಯಿಂದ ಬಹುತೇಕ ಮಂದಿ ಗುಣವಾಗುತ್ತಾರೆ. ಆದರೆ ಆ ದಿನಗಳಲ್ಲಿ ತಾಯಿಯನ್ನೂ ಕೂಸನ್ನೂ ಇಬ್ಬರನ್ನೇ ಬಿಡಬಾರದು. ತಾಯಿಯನ್ನು ಕೂಸಿನೊಂದಿಗೇ ಒಳರೋಗಿಯಾಗಿ ನೋಡಿಕೊಳ್ಳುವ ಪ್ರತ್ಯೇಕ ವಾರ್ಡನ್ನು ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು. ದೇಶದಲ್ಲಿ ಅದು ಮೊದಲನೆಯದು.

ಇದಕ್ಕಿಂತ ಎಷ್ಟೋ ಸಾಮಾನ್ಯವಾದದ್ದು ಸದ್ದಿಲ್ಲದ ಖಿನ್ನತೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ನೂರಕ್ಕೆ ಸುಮಾರು 22 ತಾಯಂದಿರಲ್ಲಿ ಇದು ಕಾಣುತ್ತದೆ. ಹೆಣ್ಣು ಹೆತ್ತಳೆಂಬ ಮೂದಲಿಕೆ, ಗಂಡನ ಕುಡಿತ, ಸಾಲ, ಒಂಟಿತನ ಇವೆಲ್ಲ ಅದನ್ನು ಬೆಳೆಸುತ್ತವೆ. ಎರಡು ವಾರ ಕಳೆದರೂ ಅಳು, ಬೇಸರ, ಸಾಯುವ ಮಾತು ನಿಲ್ಲದಿದ್ದರೆ ಅದೂ ಚಿಕಿತ್ಸೆ ಬೇಕಾದ ಕಾಯಿಲೆಯೇ.

ಉಳಿಸಿಕೊಳ್ಳಬೇಕಾದದ್ದು, ಬಿಡಬೇಕಾದದ್ದು

ಹಾಗೆಂದು ಬಾಣಂತನವೇ ಬೇಡವೆಂದಲ್ಲ. ನಲವತ್ತು ದಿನ ಹೊಲದ ಕೆಲಸದಿಂದ ಬಿಡುವು, ತವರಿನ ಆರೈಕೆ, ಬಿಸಿನೀರಿನ ಸ್ನಾನ, ಅಳವಿ ಪಾಯಸ, ಅಂಟಿನುಂಡೆ, ಬೆಲ್ಲ, ತುಪ್ಪ ಇವೆಲ್ಲ ಸೋತ ಮೈಗೆ ಬೇಕಾದವೇ. ಹೊರಗಿನವರು ಬಂದು ಕೂಸನ್ನು ಮುಟ್ಟಬಾರದೆಂಬ ನಿಯಮ ಸೋಂಕನ್ನು ದೂರ ಇಡುತ್ತದೆ. ಬಿಡಬೇಕಾದವು ಕೆಲವೇ: ನೀರು ಕೊಡದಿರುವುದು, ತರಕಾರಿ ಬೇಳೆ ತಪ್ಪಿಸುವುದು, ಕೋಣೆಗೆ ಹೊಗೆ ತುಂಬುವುದು, ದಿನವಿಡೀ ಹೊರಸು ಬಿಡದಂತೆ ಮಲಗಿಸುವುದು. ಕೂಸಿಗೆ ಹಾಲೂಡಿಸುವ ತಾಯಿಗೆ ಮಾಮೂಲಿಗಿಂತ ಹೆಚ್ಚು ನೀರು ಬೇಕು. ಸಿಸೇರಿಯನ್ ಆದವರೂ ಮರುದಿನದಿಂದಲೇ ನಾಲ್ಕು ಹೆಜ್ಜೆ ನಡೆಯಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ ನಿಲ್ಲಿಸಬಾರದು.

ದೂರದ ಲೆಕ್ಕ

ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು ತಜ್ಞರು 1994ರಲ್ಲೇ ಗುರುತಿಸಿದರು. ಹೋಗಬೇಕೆಂದು ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ರಾಯಚೂರು ಜಿಲ್ಲೆಯ ಪಶ್ಚಿಮ ಭಾಗಕ್ಕೆ ಈ ಮೂರೂ ಚೆನ್ನಾಗಿ ಗೊತ್ತು. ಮಸ್ಕಿ ಇರುವುದು ಲಿಂಗಸುಗೂರು ಮತ್ತು ಸಿಂಧನೂರಿನ ನಡುವಿನ ಹೆದ್ದಾರಿಯಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕೈಮೀರಿದರೆ ಮುಂದಿನ ನಿಲ್ದಾಣ ರಾಯಚೂರಿನ ರಿಮ್ಸ್. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಅದು ಸುಮಾರು 90 ಕಿ.ಮೀ. ದೂರ. ನಿಲ್ಲದ ರಕ್ತಸ್ರಾವದಲ್ಲಿ ತಾಯಿ ಎರಡು ಗಂಟೆಯೊಳಗೇ ಕಣ್ಣು ಮುಚ್ಚಬಹುದು. 90 ಕಿ.ಮೀ. ಪಯಣವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ತಿನ್ನುತ್ತದೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತ, ಅರಿವಳಿಕೆ ತಜ್ಞರು, ಹೆರಿಗೆ ತಜ್ಞರು ಹಗಲೂ ರಾತ್ರಿ ಇರಬೇಕೆಂಬ ಬೇಡಿಕೆ ಐಷಾರಾಮದ್ದಲ್ಲ.

ಎರಡನೇ, ಮೂರನೇ ವಿಳಂಬ ನೀಗುವುದು ಸರ್ಕಾರದ ಕೆಲಸ. ಮೊದಲನೆಯದು ಮನೆಯಲ್ಲೇ ಇದೆ. 108 ವಾಹನ ಕರ್ನಾಟಕದಲ್ಲಿ 2008ರಿಂದ ಓಡುತ್ತಿದೆ. ಕರೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ ಮತ್ತು ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ಈ ಸೀಮೆಯಲ್ಲಿ ಹೆಣ್ಣುಮಗಳು ಕುಬುಸ ಮುಗಿಸಿ ತವರಿಗೆ ಹೋಗುವುದರಿಂದ ಗಂಡನ ಊರಿನ ಆಶಾ ಪಟ್ಟಿಯಲ್ಲಿ ಹೆಸರು ಇರುತ್ತದೆ, ತವರೂರಿನ ಆಶಾಗೆ ಆಕೆ ಬಂದದ್ದೇ ತಿಳಿದಿರುವುದಿಲ್ಲ. ತಾಯಿ ಕಾರ್ಡನ್ನು ತವರೂರಿನ ಕಾರ್ಯಕರ್ತೆಗೆ ತೋರಿಸುವ ಒಂದು ಸಣ್ಣ ಕೆಲಸ ಈ ಬಿರುಕನ್ನು ಮುಚ್ಚುತ್ತದೆ.

ಐದನೇ ದಿನ ಸೆಟಿಗೆವ್ವನ ಪೂಜೆ ಮಾಡಿ, ಆಕೆ ಕೂಸಿನ ಹಣೆಬರಹ ಬರೆಯುತ್ತಾಳೆಂದು ಆ ರಾತ್ರಿ ದೀಪ ಆರದಂತೆ ಕಾಯುವ ಮನೆಗಳು ಈ ಭಾಗದಲ್ಲಿ ಇನ್ನೂ ಇವೆ. ನಂಜು ಮತ್ತು ರಕ್ತದೊತ್ತಡ ಹೊಂಚು ಹಾಕುವುದೂ ಅದೇ ದಿನಗಳಲ್ಲಿ. ಆ ದೀಪದ ಬೆಳಕಿನಲ್ಲಿ ಅಜ್ಜಿಯೋ ಅತ್ತೆಯೋ ಕೂಸಿನ ಹಣೆಯ ಜೊತೆಗೆ ತಾಯಿಯ ಹಣೆಯನ್ನೂ ಮುಟ್ಟಿ ನೋಡಿ, ಜ್ವರ ಎಷ್ಟಿದೆ, ತಲೆ ನೋಯುತ್ತಿದೆಯೇ, ರಕ್ತ ಎಷ್ಟು ಹೋಗುತ್ತಿದೆ, ನಿದ್ದೆ ಬಂತೇ ಎಂದು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಸನ್ನಿ ಯಾವುದೆಂದು ಆ ಉತ್ತರಗಳೇ ಹೇಳುತ್ತವೆ, ಆಸ್ಪತ್ರೆಗೆ ಯಾವಾಗ ಹೊರಡಬೇಕೆಂಬುದನ್ನೂ ಹೇಳುತ್ತವೆ.